ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಬೇಕೆ? ಮೊದಲು ಕನ್ನಡ ಕಡತ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ ಇದೇ ಗತಿ ಬಂದಿತ್ತು. ಬೆಂಬಲ ಮುಗಿದ ಮಾತ್ರಕ್ಕೆ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ದುರಸ್ತಿ ಸಿಗುವುದಿಲ್ಲ. ಬ್ಯಾಂಕ್ ವ್ಯವಹಾರ, ತೆರಿಗೆ ಲೆಕ್ಕ ನೋಡುವ ಯಂತ್ರಕ್ಕೆ ಇದು ಅಪಾಯ.

ಆದೋನಿ ಮತ್ತು ಆಲೂರು ತಾಲ್ಲೂಕುಗಳು 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಈ ಭಾಗದಲ್ಲಿ ಕನ್ನಡ ಇಂದಿಗೂ ಉಳಿದಿದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕನ್ನಡ ಮಾಧ್ಯಮ ಶಾಲೆಯ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಯಂತ್ರದ ಶಕ್ತಿಯ ಜತೆಗೆ ಹಳೆಯ ಕಡತಗಳ ಬಗ್ಗೆಯೂ ಯೋಚಿಸಬೇಕು.

ಕನ್ನಡ ಕಡತಗಳ ಗತಿ

1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕೂತಿರುತ್ತವೆ. ತೆಲುಗಿನ ಅನು ಫಾಂಟ್‌ಗಳದ್ದೂ ಇದೇ ಕತೆ. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಬರಹ ಅಳಿಸಿಹೋಗಿರುವುದಿಲ್ಲ, ಫಾಂಟ್ ಮರಳಿ ಹಾಕಿದರೆ ಓದಬಹುದು. ಹಾಗಾಗಿ ಯಂತ್ರಕ್ಕೆ ಕೈಹಾಕುವ ಮುನ್ನ ಫಾಂಟ್ ಕಡತಗಳನ್ನೂ ದಾಖಲೆಗಳನ್ನೂ ಪೆನ್‌ಡ್ರೈವ್ ಅಥವಾ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಬೇಕು.

ಶಾಶ್ವತ ಪರಿಹಾರವೆಂದರೆ ಯುನಿಕೋಡ್. ಇದಕ್ಕೆ ಪರಿವರ್ತಕ ತಂತ್ರಾಂಶಗಳಿವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಮೂಲದೊಡನೆ ಹೋಲಿಸಿ ನೋಡುವುದು ಒಳಿತು.

ಯಂತ್ರ ತಡೆಯುತ್ತದೆಯೇ?

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಮತ್ತು ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ನಂತರದ್ದಾಗಿರಬೇಕು. ಮೈಕ್ರೋಸಾಫ್ಟ್‌ನ ಉಚಿತ 'ಪಿಸಿ ಹೆಲ್ತ್ ಚೆಕ್' ತಂತ್ರಾಂಶ ಇವನ್ನೆಲ್ಲ ಪರೀಕ್ಷಿಸಿ ಹೇಳುತ್ತದೆ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿರುತ್ತಾರೆ. ಪರೀಕ್ಷೆಯಲ್ಲಿ ಸೋತ ತಕ್ಷಣ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ.

ವಿಂಡೋಸ್ 11 ಕೇವಲ 64 ಬಿಟ್‌ನದು. 16 ಬಿಟ್ ಕಾಲದ ತಂತ್ರಾಂಶಗಳು ಅದರಲ್ಲಿ ನಡೆಯುವುದಿಲ್ಲ. ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ಹೊಸ ಡ್ರೈವರ್ ಇದೆಯೇ ಎಂದು ತಯಾರಕರ ತಾಣದಲ್ಲಿ ಮೊದಲೇ ನೋಡಿಕೊಳ್ಳಬೇಕು.

ಮೂರು ದಾರಿಗಳು

ಒಂದು, ಯಂತ್ರ ಅರ್ಹವಾಗಿದ್ದರೆ ವಿಂಡೋಸ್ 11ಕ್ಕೆ ಏರಿಸುವುದು. ಅಸಲಿ ವಿಂಡೋಸ್ 10 ಇರುವವರಿಗೆ ಇದು ಉಚಿತ. ಹಳೆಯ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ವೇಗ ಎದ್ದು ಕಾಣುತ್ತದೆ.

ಎರಡು, ಲಿನಕ್ಸ್. ಲಿನಕ್ಸ್ ಮಿಂಟ್‌ನಂತಹವು ಉಚಿತ, 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೂ ಒಗ್ಗುತ್ತವೆ. ಯುನಿಕೋಡ್ ಕನ್ನಡ ಟೈಪಿಂಗ್‌ಗೆ ತೊಂದರೆಯಿಲ್ಲ. ಆದರೆ ಟ್ಯಾಲಿ, ಪೇಜ್‌ಮೇಕರ್ ವಿಂಡೋಸ್‌ಗೆ ಮಾಡಿದ ತಂತ್ರಾಂಶಗಳು. ಹತ್ತಿ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿ ಇಟ್ಟವರಿಗೆ ಈ ದಾರಿ ಸುಲಭವಲ್ಲ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಬಹುದು, ಆಗ ಡಿಸ್ಕಿನಲ್ಲಿ ಏನನ್ನೂ ಬದಲಿಸಬೇಕಿಲ್ಲ.

ಮೂರು, ಹಳೆಯದನ್ನು ಹಾಗೆಯೇ ಉಳಿಸಿ ಅಂತರಜಾಲದ ಸಂಪರ್ಕ ತೆಗೆಯುವುದು. ಹಳೆಯ ಫಾಂಟ್, ಪೇಜ್‌ಮೇಕರ್ ಕಡತಗಳನ್ನು ತೆರೆಯಲು ಮಾತ್ರ ಬಳಸುವ ಯಂತ್ರಕ್ಕೆ ಇದೇ ಸೂಕ್ತ. ಹಣದ ವ್ಯವಹಾರಕ್ಕೆ ಬೆಂಬಲವಿರುವ ಬೇರೆ ಸಾಧನ ಇರಲಿ. ವಿಂಡೋಸ್ 10 ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಸುರಕ್ಷತಾ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಆದರೆ ಅದು ಸಮಯ ಕೊಡುವ ಏರ್ಪಾಡೇ ಹೊರತು ಪರಿಹಾರವಲ್ಲ.

ಯಾವ ದಾರಿ ಹಿಡಿದರೂ ಕ್ರಮ ಒಂದೇ: ಮೊದಲು ನಕಲು, ನಂತರ ಆ ನಕಲನ್ನು ಮತ್ತೊಂದು ಯಂತ್ರದಲ್ಲಿ ತೆರೆದು ಪರೀಕ್ಷೆ, ಕೊನೆಗೆ ಬದಲಾವಣೆ. ವಿಂಡೋಸನ್ನು ಮತ್ತೆ ಹಾಕಿಸಬಹುದು. ನಕಲಿಲ್ಲದೆ ಅಳಿಸಿಹೋದ ಹತ್ತು ವರ್ಷದ ಕನ್ನಡ ಕಡತಗಳು ಮರಳಿ ಬರುವುದು ಕಷ್ಟ.