ದಾಂಪತ್ಯ ದ್ರೋಹ: ಬೆಲೆ ಯಾರು ತೆರಬೇಕು?

2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಐಪಿಸಿ 497ನೇ ಸೆಕ್ಷನ್ ರದ್ದು ಮಾಡಿತಲ್ಲ, ಆವತ್ತಿಂದ ಒಂದು ತಪ್ಪು ಕಲ್ಪನೆ ಓಡಾಡ್ತಾ ಇದೆ: ವ್ಯಭಿಚಾರಕ್ಕೆ ಕಾನೂನಿನಲ್ಲಿ ಇನ್ನು ಲೆಕ್ಕವೇ ಇಲ್ಲ ಅಂತ. ಹಾಗಲ್ಲ. ಹೋಗಿದ್ದು ಜೈಲು ಶಿಕ್ಷೆ. ವಿಚ್ಛೇದನಕ್ಕೆ ಅದು ಇವತ್ತಿಗೂ ಕಾರಣವೇ. ಹಾಗಾದ್ರೆ ದುಡ್ಡಿನ ವಿಷಯ? ಅದಕ್ಕೆ ನಾವು 1869ಕ್ಕೆ ಹೋಗಬೇಕು.

ಆ ವರ್ಷ ಬ್ರಿಟಿಷರು ಇಂಡಿಯನ್ ಡೈವೋರ್ಸ್ ಆಕ್ಟ್ ತಂದರು. ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಕ್ರೈಸ್ತರಾಗಿದ್ದ ಮದುವೆಗಳಿಗೆ ಅದು. ಹೆಂಡತಿ ತಪ್ಪಿದರೆ ಗಂಡನಿಗೆ ಬಿಡುಗಡೆ. ಗಂಡ ತಪ್ಪಿದರೆ ಅಷ್ಟೇ ಸಾಲದು, ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ಬಿಟ್ಟುಹೋಗಿದ್ದನ್ನೋ ಹೆಂಡತಿ ಸಾಬೀತು ಮಾಡಬೇಕಿತ್ತು. ಇನ್ನೂ ಕೇಳಿ. 34ನೇ ಸೆಕ್ಷನ್ ಪ್ರಕಾರ ಗಂಡ ಆ ಇನ್ನೊಬ್ಬ ಗಂಡಸಿನಿಂದ ನಷ್ಟ ಪರಿಹಾರ ಕೇಳಬಹುದಿತ್ತು, ಹೊಲಕ್ಕೆ ದನ ನುಗ್ಗಿದರೆ ಕೇಳ್ತಾರಲ್ಲ ಹಾಗೆ! 39ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ: ತಪ್ಪಿದ ಹೆಂಡತಿಗೆ ಸ್ವಂತ ಆಸ್ತಿ ಇದ್ದರೆ ಕೋರ್ಟು ಅದನ್ನು ಗಂಡನಿಗೋ ಮಕ್ಕಳಿಗೋ ಕೊಡಿಸಬಹುದಿತ್ತು. 1997ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಹೆಂಡತಿಗೆ ಹಾಕಿದ್ದ ಆ ಹೆಚ್ಚುವರಿ ಷರತ್ತನ್ನು ಒಪ್ಪಲಿಲ್ಲ. 2001ರಲ್ಲಿ ಸಂಸತ್ತು ಇವೆಲ್ಲವನ್ನೂ ತೆಗೆಯಿತು. 132 ವರ್ಷ ಬೇಕಾಯ್ತು.

1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ಇಬ್ಬರಿಗೂ ಒಂದೇ ಅಳತೆ ಇಟ್ಟಿತು. ಆದರೆ ಆಗ ಎದುರಿನವರು ‘ವ್ಯಭಿಚಾರದಲ್ಲಿ ಬಾಳುತ್ತಿರಬೇಕು’. 1976ರ ತಿದ್ದುಪಡಿ ಆದಮೇಲೆ ಒಂದು ಸಲ ತಪ್ಪಿದ್ದರೂ ಸಾಕು. ಜೀವನಾಂಶಕ್ಕೆ ಮಾತ್ರ ಹಳೇ ಅಳತೆಯೇ ಉಳಿಯಿತು. 1973ರ ಸಿಆರ್‌ಪಿಸಿ 125ರಲ್ಲೂ, ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 144ರಲ್ಲೂ, ‘ಬಾಳುತ್ತಿರುವ’ ಹೆಂಡತಿಗಷ್ಟೇ ಜೀವನಾಂಶ ಇಲ್ಲ. ಒಂದು ಸಲ ಎಡವಿದ್ದು ಅದಕ್ಕೆ ಸಾಲದು ಅಂತ ಹಲವು ಹೈಕೋರ್ಟುಗಳು ಹೇಳಿವೆ.

ಎರಡು ಅಳತೆ ಯಾಕೆ ಅನ್ನಿಸಬಹುದು. ನನಗಂತೂ ಇದರಲ್ಲಿ ವಿವೇಕ ಕಾಣುತ್ತೆ. ನಂಬಿಕೆ ಮುರಿದವರ ಜೊತೆ ಬಾಳು ಅಂತ ಯಾರನ್ನೂ ಒತ್ತಾಯ ಮಾಡಬಾರದು, ಸರಿ. ಆದರೆ ಇಪ್ಪತ್ತು ವರ್ಷ ಮನೆ ನಡೆಸಿದವಳ ಅನ್ನಕ್ಕೆ ಆ ಒಂದು ತಪ್ಪನ್ನು ಗಂಟು ಹಾಕಿದರೆ, ಮತ್ತೆ 39ನೇ ಸೆಕ್ಷನ್ನಿಗೇ ಹೋದ ಹಾಗೆ. ಹೆಂಡತಿಯ ಫೋನು ಕೆದಕಿದರೆ ದುಡ್ಡು ಉಳಿಯುತ್ತೆ ಅಂತಾದರೆ, ಕೆದಕುವವರಿಗೇನು ಬರ?

ಒಂದು ಕೊರತೆ ಇನ್ನೂ ಇದೆ. ಈ ಜೀವನಾಂಶದ ಕಲಮು ನೋಡೋದು ಹೆಂಡತಿಯ ನಡತೆಯನ್ನು. ಗಂಡ ಇನ್ನೊಬ್ಬಳನ್ನು ಇಟ್ಟುಕೊಂಡರೆ ಹೆಂಡತಿ ಬೇರೆ ಇದ್ದುಕೊಂಡೇ ಜೀವನಾಂಶ ಕೇಳಬಹುದು, ಅಷ್ಟೇ.