ಹಳೆಯ ಪುಸ್ತಕವೇ ಸಾಕು ಎನ್ನುವವರು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಒಂದು ವಿಚಿತ್ರವಾದ ವಾಗ್ವಾದ ನಡೆಯಿತು. ಒಂದು ಕಡೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ, ಮತ್ತೊಂದು ಕಡೆ ಅಮೆರಿಕದಲ್ಲಿ ಓದಿ ಬಂದ ನನ್ನ ಮಗ, ಅಂದರೆ ಅವನ ಸೋದರಮಾವ. ಇಬ್ಬರ ಕೈಯಲ್ಲೂ ದಪ್ಪ ರಟ್ಟಿನ ಪುಸ್ತಕ. ಎರಡರ ಮೇಲೂ ಒಂದೇ ಹೆಸರು, 'ಡಂಜನ್ಸ್ ಅಂಡ್ ಡ್ರಾಗನ್ಸ್'. ಮಾವನದು 2003ರ ಮುದ್ರಣ, ಅಳಿಯನದು 2014ರದು.

"ಮಾವ, ನಿಮ್ಮ ಪುಸ್ತಕದಲ್ಲಿ ಬರೀ ಲೆಕ್ಕ. ಆಟ ಎಲ್ಲಿದೆ?" ಎಂದ ಹುಡುಗ.

"ಲೆಕ್ಕ ಇದ್ದರೇ ಕಣೋ ನ್ಯಾಯ ಇರೋದು," ಎಂದ ಇವನು.

ಕೊನೆಗೆ ಇಬ್ಬರೂ ನನ್ನತ್ತ ತಿರುಗಿ, ನೀವೇ ತೀರ್ಪು ಹೇಳಿ ಎಂದರು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಪೂರ್ವಾಪರ ತಿಳಿಯದೆ ತೀರ್ಪು ಕೊಡುವುದು ಸಲ್ಲದೆಂದು ತೋರಿತು. ನಾಲ್ಕು ದಿನ ಇಬ್ಬರಿಂದಲೂ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಆಟದ ಸ್ವರೂಪ. ತಾಳಮದ್ದಲೆಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ನಾಲ್ಕೈದು ಜನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಕಥೆಯನ್ನು ನಡೆಸುವವನು 'ಡಂಜನ್ ಮಾಸ್ಟರ್', ನಮ್ಮ ಮಾತಿನಲ್ಲಿ ಸೂತ್ರಧಾರ. ಆದರೆ ತಾಳಮದ್ದಲೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಪಾತ್ರ ಕೈಗೊಂಡ ಸಾಹಸ ಫಲಿಸುವುದೋ ಇಲ್ಲವೋ ಎಂಬುದನ್ನು ಬಹಳಮಟ್ಟಿಗೆ ದಾಳ ಹೇಳುತ್ತದೆ.

ಈ ಆಟ ಹುಟ್ಟಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ವಿಮಾ ಕಂಪನಿಯ ಕೆಲಸ ಹೋದ ಮೇಲೆ ಪಾದರಕ್ಷೆ ದುರಸ್ತಿ ಮಾಡಿಯೂ ಸಂಸಾರ ಸಾಗಿಸಿದ್ದ ಗ್ಯಾರಿ ಗೈಗ್ಯಾಕ್ಸ್, ಮತ್ತು ಮಿನೆಸೋಟದ ಡೇವ್ ಆರ್ನೆಸನ್ ಇದರ ಕರ್ತೃಗಳು. 1974ರಲ್ಲಿ ಟಿ.ಎಸ್.ಆರ್. ಎಂಬ ಪುಟ್ಟ ಸಂಸ್ಥೆ ಮೂರು ಸಣ್ಣ ಪುಸ್ತಿಕೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು 1,000 ಪ್ರತಿಗಳನ್ನು ಹೊರತಂದಿತು. ಆ ನಿಯಮಗಳಲ್ಲಿ ಕಂಡಲ್ಲೆಲ್ಲ ತೆರಪು. ಆ ತೆರಪನ್ನು ಸೂತ್ರಧಾರನೇ ತನ್ನ ವಿವೇಚನೆಯಿಂದ ತುಂಬಬೇಕಿತ್ತು. ಊರಿಗೊಂದು ಪದ್ಧತಿ ಬೆಳೆಯಿತು.

ಇದರಿಂದ ಗೈಗ್ಯಾಕ್ಸ್‌ರಿಗೇ ಸಮಾಧಾನವಾಗಲಿಲ್ಲ. ಎಲ್ಲೆಡೆ ಒಂದೇ ರೀತಿಯ ಆಟವಿರಬೇಕೆಂದು 1977ರಿಂದ 1979ರವರೆಗೆ ಮೂರು ದೊಡ್ಡ ಗ್ರಂಥಗಳಲ್ಲಿ 'ಅಡ್ವಾನ್ಸ್ಡ್' ಆವೃತ್ತಿಯನ್ನು ತಂದರು. ಜೊತೆಜೊತೆಗೆ ಹೊಸಬರಿಗಾಗಿ 'ಬೇಸಿಕ್' ಎಂಬ ಸರಳ ಆವೃತ್ತಿಯೂ ಮಾರಾಟವಾಗುತ್ತಿತ್ತು. ಹೀಗೆ ಐದು ವರ್ಷ ತುಂಬುವುದರೊಳಗೇ ಆಟ ಎರಡು ಕವಲಾಯಿತು. ಪಂಥಭೇದಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

1989ರ ಎರಡನೆಯ ಆವೃತ್ತಿ ಬರುವ ವೇಳೆಗೆ ಗೈಗ್ಯಾಕ್ಸ್ ಆ ಸಂಸ್ಥೆಯಲ್ಲಿರಲಿಲ್ಲ. ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆಂದು ಅಮೆರಿಕದಲ್ಲಿ ಎದ್ದಿದ್ದ ಗುಲ್ಲಿಗೆ ಅಂಜಿ, ಪ್ರಕಾಶಕರು ಪುಸ್ತಕದಿಂದ ಸೈತಾನ ಪಿಶಾಚಿಗಳ ಹೆಸರನ್ನೇ ತೆಗೆದರು. ಹಳಬರಿಗೆ ಅದು ಹೇಡಿತನವಾಗಿ ಕಂಡಿತು.

1997ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿ.ಎಸ್.ಆರ್. ಅನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತು. ಅವರು 2000ದಲ್ಲಿ ತಂದ ಮೂರನೆಯ ಆವೃತ್ತಿ ನಿಜವಾಗಿ ಹೊಸ ಕಟ್ಟಡ. ಒಂದು ಉದಾಹರಣೆ ಸಾಕು. ಅಲ್ಲಿಯವರೆಗೆ ಕವಚ ಬಲವಾದಷ್ಟೂ ಅದರ ಅಂಕ ಕಡಿಮೆಯಾಗುತ್ತಿತ್ತು, ಹೊಡೆತ ತಾಗಿತೇ ಎಂದು ತಿಳಿಯಲು ಕೋಷ್ಟಕ ನೋಡಬೇಕು ಅಥವಾ ಕಳೆಯುವ ಲೆಕ್ಕ ಮಾಡಬೇಕು. ಇನ್ನು ಮುಂದೆ ಬಲವಾದ ಕವಚಕ್ಕೆ ಹೆಚ್ಚು ಅಂಕ, ಇಪ್ಪತ್ತು ಮುಖದ ದಾಳ ಉರುಳಿಸಿ ಕೂಡಿದರೆ ಮುಗಿಯಿತು. ಪ್ರತಿಯೊಂದಕ್ಕೂ ನಿಯಮ ಬಂತು. ಸೂತ್ರಧಾರನ ಮರ್ಜಿಗೆ ಕಾಯಬೇಕಾದ ಪ್ರಸಂಗಗಳು ಕಡಿಮೆಯಾದವು. ಅದರ ತಿದ್ದಿದ ಮುದ್ರಣವೇ ನನ್ನ ಮಗನ ಕೈಯಲ್ಲಿದ್ದ ಪುಸ್ತಕ. ಆ ನಿಯಮಗಳ ಬಹುಭಾಗವನ್ನು ಯಾರು ಬೇಕಾದರೂ ಬಳಸಿ ಪ್ರಕಟಿಸಬಹುದೆಂಬ ಮುಕ್ತ ಪರವಾನಗಿಯೂ ಆಗಲೇ ಬಂತು.

2008ರ ನಾಲ್ಕನೆಯ ಆವೃತ್ತಿ ಮಾಂತ್ರಿಕನಿಗೂ ಕತ್ತಿ ಹಿಡಿದವನಿಗೂ ಸಮಾನತೆ ತರಲು ಹೊರಟಿತು. ಎಲ್ಲರಿಗೂ ಯಾವಾಗ ಬೇಕಾದರೂ ಬಳಸುವ, ಕಾಳಗಕ್ಕೊಮ್ಮೆ ಬಳಸುವ, ದಿನಕ್ಕೊಮ್ಮೆ ಬಳಸುವ ಶಕ್ತಿಗಳು. ಮೆಚ್ಚಿದವರು ಮನಸಾರೆ ಮೆಚ್ಚಿದರು. ಮೆಚ್ಚದವರು, ಪಾತ್ರಗಳೆಲ್ಲ ಒಂದೇ ಅಚ್ಚಿನ ಬೆಲ್ಲದಂತಾದವು ಎಂದರು. ಅವರಲ್ಲಿ ಹಲವರು 2009ರಲ್ಲಿ ಪೈಜೋ ಎಂಬ ಸಂಸ್ಥೆ ಅದೇ ಮುಕ್ತ ಪರವಾನಗಿಯಡಿ ಹಳೆಯ ನಿಯಮಗಳ ಮೇಲೆ ಕಟ್ಟಿದ 'ಪಾತ್‌ಫೈಂಡರ್'ಗೆ ಹೋದರು. ಇನ್ನಷ್ಟು ಹಿಂದಿನದೇ ಬೇಕೆಂದವರು 2006ರಿಂದಲೇ ಎಪ್ಪತ್ತು–ಎಂಬತ್ತರ ದಶಕದ ನಿಯಮಗಳನ್ನು ಹೊಸ ಹೆಸರಿನಲ್ಲಿ ಬರೆದು ಪ್ರಕಟಿಸುತ್ತಿದ್ದರು.

ಪ್ರಕಾಶಕರು ಪಾಠ ಕಲಿತರು. 2012ರಲ್ಲಿ ಮೊದಲ 'ಅಡ್ವಾನ್ಸ್ಡ್' ಗ್ರಂಥಗಳನ್ನೇ ಮರುಮುದ್ರಿಸಿದರು. ಅದೇ ವರ್ಷ ಮುಂದಿನ ಆವೃತ್ತಿಯ ಕರಡನ್ನು ಆಟಗಾರರ ಮುಂದಿಟ್ಟು ಅಭಿಪ್ರಾಯ ಕೇಳಿದರು. 2014ರ ಐದನೆಯ ಆವೃತ್ತಿ ಹಾಗೆ ಬಂದದ್ದು. ಅದರಲ್ಲಿ ಸಣ್ಣಪುಟ್ಟ ಕೂಡುವ ಕಳೆಯುವ ಲೆಕ್ಕಗಳ ಬದಲು, ಸನ್ನಿವೇಶ ಅನುಕೂಲವಿದೆಯೆಂದು ಸೂತ್ರಧಾರ ಕಂಡರೆ ಎರಡು ದಾಳ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ತೀರ್ಮಾನ ಮತ್ತೆ ಮನುಷ್ಯನ ಕಡೆ ವಾಲಿತು. 2023ರ ಜನವರಿಯಲ್ಲಿ ಮುಕ್ತ ಪರವಾನಗಿಯನ್ನು ಬಿಗಿಮಾಡಲು ಹೋಗಿ, ಆಟಗಾರರ ಕೋಪಕ್ಕೆ ಮಣಿದು ಕಂಪನಿ ಹಿಂದೆ ಸರಿಯಿತು. ಐವತ್ತು ವರ್ಷ ತುಂಬಿದ 2024ರಲ್ಲಿ ಐದನೆಯದರ ಪರಿಷ್ಕೃತ ಪುಸ್ತಕಗಳು ಬರತೊಡಗಿದವು. ನನ್ನ ಮೊಮ್ಮಗ ಅದನ್ನು ಕೊಳ್ಳಲಿಲ್ಲ. "ಇದೇ ಚೆನ್ನಾಗಿದೆ ಅಜ್ಜ" ಎಂದ. ಅವನೂ ಹಳಬನಾದ!

ಮೊದಲು ಕಲಿತದ್ದರ ಮೇಲೆ ಮಮತೆ ಸಹಜ. ಆದರೆ ಈ ಭೇದಕ್ಕೆ ಅಷ್ಟೇ ಕಾರಣವಲ್ಲವೆಂದು ನನಗನ್ನಿಸಿತು. ತೀರ್ಮಾನದ ಅಧಿಕಾರ ಪುಸ್ತಕಕ್ಕಿರಬೇಕೋ ಮನುಷ್ಯನಿಗಿರಬೇಕೋ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ನಿಯಮ ಬೇಕೆನ್ನುವವನು ಸೂತ್ರಧಾರನ ಪಕ್ಷಪಾತಕ್ಕೆ ಹೆದರುತ್ತಾನೆ. ವಿವೇಚನೆ ಬೇಕೆನ್ನುವವನು ನಿಯಮದ ಜಡತ್ವಕ್ಕೆ ಹೆದರುತ್ತಾನೆ. ಎರಡು ಭಯಗಳೂ ನಿಜವಾದವೇ.

ಇದನ್ನು ಬರೆಯುವಾಗ ಬಹಳ ಹಿಂದಿನ ಒಂದು ಮೌಲ್ಯಮಾಪನ ಕೇಂದ್ರ ನೆನಪಾಗುತ್ತದೆ. 1857ರ ದಂಗೆಯ ಕಾರಣಗಳನ್ನು ಕೇಳಿದ್ದ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿ ನೇಕಾರರು ಮಗ್ಗ ಬಿಟ್ಟು ಕೂಲಿಗೆ ಹೋದ ಸ್ಥಿತಿಯನ್ನು ಒಂದು ಪುಟ ಮನಮುಟ್ಟುವಂತೆ ಬರೆದಿದ್ದ. ಮಾದರಿ ಉತ್ತರದಲ್ಲಿ ಆ ಅಂಶವಿರಲಿಲ್ಲ. ಒಬ್ಬನಿಗೆ ಕೊಟ್ಟರೆ ಉಳಿದವರಿಗೆ ಅನ್ಯಾಯವಾದೀತೆಂದು ನಾನು ಅಂಕ ಕೊಡಲಿಲ್ಲ. ಉತ್ತರ ಸರಿಯಿತ್ತು, ನಾನು ನಿಯಮವನ್ನು ಪಾಲಿಸಿದೆ. ಆ ಹುಡುಗನ ನೋಂದಣಿ ಸಂಖ್ಯೆ ಮರೆತಿದ್ದೇನೆ, ಅಕ್ಷರ ಮರೆತಿಲ್ಲ.

ಆದ್ದರಿಂದ ಜಗಲಿಯ ಮೊಕದ್ದಮೆಯಲ್ಲಿ ನನ್ನ ಮತ ಮೊಮ್ಮಗನಿಗೆ ಬಿತ್ತು. ಆದರೂ ಮಗನ ಪುಸ್ತಕವನ್ನು ಎತ್ತಿಡಲು ಹೇಳಲಿಲ್ಲ. ಪ್ರಕಾಶಕ ಅಚ್ಚುಹಾಕುವುದನ್ನು ನಿಲ್ಲಿಸಬಹುದು, ಕೂಡಿ ಆಡುವುದನ್ನು ನಿಲ್ಲಿಸಲಾರ. ಆ ಸಂಜೆ ಅವರು ಮಾವನ ಪುಸ್ತಕದಲ್ಲೇ ಆಡಿದರು, ಸೂತ್ರಧಾರ ಅಳಿಯ. ಒಂದು ಕಡೆ ಲೆಕ್ಕ ತೊಡಕಾದಾಗ ಹುಡುಗ ಪುಸ್ತಕವನ್ನು ಮುಚ್ಚಿಟ್ಟು, "ಬಾಗಿಲು ತೆರೆಯಿತು ಅಂತ ಇಟ್ಕೊಳ್ಳಿ ಮಾವ" ಎಂದ. ಮಗ ಒಂದು ಕ್ಷಣ ನನ್ನ ಮುಖ ನೋಡಿ, ಒಪ್ಪಿಕೊಂಡ.