ಆಸ್ಪತ್ರೆಗೆ ಬಾರದ ಎದೆನೋವು: 2020ರ ಒಂದು ಅಧ್ಯಾಯ

ಮಹಾಮಾರಿಗಳ ಚರಿತ್ರೆಯನ್ನು ನಾವು ಸೋಂಕಿನಿಂದ ಮಡಿದವರ ಲೆಕ್ಕದಲ್ಲಿ ಬರೆಯುತ್ತೇವೆ. ಸೋಂಕು ತಗುಲದೆಯೂ ಅದರ ಭಯಕ್ಕೆ ಬಲಿಯಾದವರು ಆ ಲೆಕ್ಕದಿಂದ ಹೊರಗುಳಿಯುತ್ತಾರೆ. 2020ರಲ್ಲಿ ಹೃದಯಾಘಾತಕ್ಕೊಳಗಾಗಿ ಮನೆಯಲ್ಲೇ ಉಳಿದವರು ಅಂಥವರು.

ಹೃದಯಾಘಾತದ ಚಿಕಿತ್ಸೆಯ ಇತಿಹಾಸವೆಂದರೆ ಕಾಲದೊಡನೆ ನಡೆಸಿದ ಓಟ. 1960ರ ದಶಕದಲ್ಲಿ ಹೃದ್ರೋಗಿಗಳಿಗೆಂದೇ ನಿಗಾ ಘಟಕಗಳು ಬಂದವು. 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಹೃದಯದ ಕಿರಿದಾದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದರು. 1980ರ ದಶಕದಲ್ಲಿ ಹೆಪ್ಪು ಕರಗಿಸುವ ಔಷಧಗಳು ಬಳಕೆಗೆ ಬಂದವು. ಮುಚ್ಚಿದ ನಾಳ ಬೇಗ ತೆರೆದಂತೆಲ್ಲ, ಹೃದಯದ ಗೋಡೆ ಹರಿಯುವುದು, ಕವಾಟವನ್ನು ಹಿಡಿದ ಸ್ನಾಯು ತುಂಡಾಗುವುದು ಮೊದಲಾದ ಭೀಕರ ತೊಡಕುಗಳು ವಿರಳವಾದವು. ನಮ್ಮ ತಲೆಮಾರಿನ ವೈದ್ಯರಿಗೆ ಅವು ಬಹುಮಟ್ಟಿಗೆ ಪಠ್ಯಪುಸ್ತಕದ ವಿಷಯಗಳಾಗಿದ್ದವು.

ಮಹಾಮಾರಿ ಈ ಗತಿಯನ್ನು ಹಿಂದಕ್ಕೆ ತಿರುಗಿಸಿತು. ಇಟಲಿಯಲ್ಲಿ 2020ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಹೃದಯಾಘಾತದ ದಾಖಲಾತಿ ಹಿಂದಿನ ವರ್ಷಕ್ಕಿಂತ ಶೇ. 48ರಷ್ಟು ಕುಸಿಯಿತು. ನಾಳ ಪೂರ್ತಿ ಮುಚ್ಚಿದ ಬಗೆಯ ಆಘಾತದಲ್ಲಿ ಮರಣ ಪ್ರಮಾಣ ಶೇ. 4.1ರಿಂದ ಶೇ. 13.7ಕ್ಕೇರಿತು. ನಾವಿರುವ ಇಂಗ್ಲೆಂಡಿನಲ್ಲಿ, 2019ರಲ್ಲಿ ವಾರಕ್ಕೆ ಸರಾಸರಿ 3,017ರಷ್ಟಿದ್ದ ದಾಖಲಾತಿ ಮಾರ್ಚ್ ಕೊನೆಗೆ 1,813ಕ್ಕಿಳಿಯಿತು. ರೋಗ ಇದ್ದಕ್ಕಿದ್ದಂತೆ ಅಷ್ಟು ಕಡಿಮೆಯಾಯಿತೆಂದು ನಂಬುವುದು ಕಷ್ಟ. ಬಾರದೆ ಉಳಿದವರು ಅನೇಕರು, ತಡವಾಗಿ ಬಂದವರು ಇನ್ನನೇಕರು.

ಸೋಂಕಿನ ಅಂಜಿಕೆ ಒಂದೆಡೆ, ದಣಿದ ಆಸ್ಪತ್ರೆಗೆ ಹೊರೆಯಾಗಬಾರದೆಂಬ ಸಂಕೋಚ ಇನ್ನೊಂದೆಡೆ. 'ಮನೆಯಲ್ಲೇ ಇರಿ' ಎಂಬ ಕರೆಯನ್ನು ಎದೆನೋವಿಗೂ ಅನ್ವಯಿಸಿಕೊಂಡವರಿದ್ದರು. ರಕ್ತ ಸಿಗದ ಹೃದಯಸ್ನಾಯು ಗಂಟೆಗಳೊಳಗೆ ಸಾಯುತ್ತದೆ, ಮುಂದಿನ ಕೆಲವು ದಿನಗಳಲ್ಲಿ ಮೆತ್ತಗಾಗುತ್ತದೆ. ಆಗಲೇ ಗೋಡೆ ಹರಿಯುವ ಅಪಾಯ. ಮರೆಯಾಗಿದ್ದ ಆ ತೊಡಕುಗಳು ಹಲವು ದೇಶಗಳ ವೈದ್ಯಕೀಯ ವರದಿಗಳಲ್ಲಿ ಮರಳಿ ಕಾಣಿಸಿಕೊಂಡವು. ಬದುಕುಳಿದವರಲ್ಲಿ ಕೆಲವರಿಗೆ ದುರ್ಬಲ ಹೃದಯವೇ ಶಾಶ್ವತ ಸಂಗಾತಿಯಾಯಿತು.

ಈ ಅಧ್ಯಾಯ ನಮ್ಮ ಮನೆಗಳಿಗೂ ಸಲ್ಲುತ್ತದೆ. ಎದೆ ಹಿಂಡಿದಾಗ 'ಗ್ಯಾಸ್ ಇರಬಹುದು' ಎಂದು ಜೀರಿಗೆ ಕಷಾಯ ಕುಡಿದು ಮಲಗುವ ಹಿರಿಯರು, ಮಕ್ಕಳಿಗೆ ತೊಂದರೆ ಏಕೆಂದು ಸುಮ್ಮನಿರುವ ತಾಯಂದಿರು ನಮ್ಮಲ್ಲೂ ಇದ್ದಾರೆ. ಎದೆಯ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಇಲ್ಲಿ 999ಕ್ಕೆ, ಊರಿನಲ್ಲಿ 108ಕ್ಕೆ ತಡಮಾಡದೆ ಕರೆ ಮಾಡಬೇಕು. ಪರೀಕ್ಷೆಯಲ್ಲಿ ಬರೀ ಅಜೀರ್ಣವೆಂದು ತಿಳಿದುಬಂದರೆ ನಾಚಬೇಕಾದುದೇನೂ ಇಲ್ಲ. ಮುಂದೊಂದು ಮಹಾಮಾರಿ ಬಂದಾಗಲೂ ಹೃದಯ ನಮಗಾಗಿ ಕಾಯುವುದಿಲ್ಲವೆಂಬುದನ್ನು ಮರೆಯದಿರೋಣ.